ಬಟ್ಟೆ ಬದಲಾದರೆ ನಡತೆಯೂ ಕೆಡುತ್ತದೆಯೇ?

ನಿಮ್ಮ ಹದಿನಾಲ್ಕರ ಮಗಳು ದಕ್ಷಿಣ ಕೊರಿಯಾದ ಪಾಪ್ ಗಾಯಕರ ತಂಡ ಬಿಟಿಎಸ್ ಗುಂಗಿನಲ್ಲಿ ದೊಗಳೆ ಟೀ ಶರ್ಟ್ ತೊಟ್ಟು, ಕೂದಲಿಗೆ ನೇರಳೆ ಬಣ್ಣ ಬೇಕೆಂದು ಹಟ ಹಿಡಿದಿದ್ದಾಳೆ, ನಡತೆಯೂ ಕೆಟ್ಟೀತೇ ಎಂದು ಕೇಳಿದ್ದೀರಿ. ಉಡುಪಿನ ಮೇಲೆ ಪ್ರಭಾವ ಖಂಡಿತ ಇದೆ. 1964ರಲ್ಲಿ ಇಂಗ್ಲೆಂಡಿನ ಸಂಗೀತ ತಂಡ ಬೀಟಲ್ಸ್ ಅಮೆರಿಕಕ್ಕೆ ಕಾಲಿಟ್ಟಾಗ ಹುಡುಗರು ಹಣೆ ಮುಚ್ಚುವಂತೆ ಕೂದಲು ಬಿಟ್ಟರು. ಬೀಟಲ್ಸ್ ವಿಗ್‌ಗಳೂ ಬಿಕರಿಯಾದವು. 1985ರ ಹೊತ್ತಿಗೆ ಅಮೆರಿಕದ ಪಾಪ್ ಗಾಯಕಿ ಮಡೋನಾಳನ್ನು ನೋಡಿ ಹುಡುಗಿಯರು ಲೇಸಿನ ಕೈಗವಸು, ಕೈತುಂಬ ರಬ್ಬರ್ ಬಳೆ ಏರಿಸಿಕೊಂಡರು. ಅಂದಿನ ತಾಯಂದಿರೂ ನಿಮ್ಮಂತೆಯೇ ಹಣೆ ಚಚ್ಚಿಕೊಂಡಿರಬೇಕು!

ನಡತೆಯ ಮಾತು ಬೇರೆ, ಅಭಿಮಾನದಿಂದ ಅದು ಕೆಡಲೇಬೇಕೆಂದಿಲ್ಲ. 2020ರಲ್ಲಿ ಬಿಟಿಎಸ್ ಕಪ್ಪು ಜನರ ಮೇಲಿನ ಅನ್ಯಾಯದ ವಿರುದ್ಧದ ಚಳವಳಿ ‘ಬ್ಲ್ಯಾಕ್ ಲೈವ್ಸ್ ಮ್ಯಾಟರ್’ಗೆ 10 ಲಕ್ಷ ಡಾಲರ್ ಕೊಟ್ಟಿತು, ಅಭಿಮಾನಿಗಳು ಹೆಚ್ಚುಕಡಿಮೆ ಒಂದೇ ದಿನದಲ್ಲಿ ಅಷ್ಟೇ ಹಣ ಕೂಡಿಸಿದರು. ನನಗೆ ಚಿಂತೆ ಹುಟ್ಟಿಸುವುದು ಬಣ್ಣವಲ್ಲ, ಆ ತಾರೆಯರಂಥ ತೆಳ್ಳನೆಯ ಮೈಕಟ್ಟಿಗಾಗಿ ಮಕ್ಕಳು ಊಟ ಬಿಡುವುದು. ಅವಳ ತಟ್ಟೆಯ ಮೇಲೆ ಕಣ್ಣಿಡಿ. ಬಣ್ಣವನ್ನು ಬೇಸಿಗೆ ರಜೆಯಲ್ಲಿ ಹಚ್ಚಿಕೊಳ್ಳಲಿ ಬಿಡಿ.