ಜನಾಂಗ ಸುಳ್ಳಾದರೆ ಈ ಜೀನ್ ಸಿಕ್ಕಿದ್ದು ಹೇಗೆ?

ಧಾರವಾಡದ ಓದುಗರೊಬ್ಬರು ಬರೆದಿದ್ದಾರೆ: “ಜನಾಂಗ ಅನ್ನುವುದಕ್ಕೆ ಜೀವವಿಜ್ಞಾನದ ಆಧಾರವಿಲ್ಲ ಎಂದು ನೀವೇ ಬರೆಯುತ್ತೀರಿ. ಆಮೇಲೆ, ಅಮೆರಿಕದ ಕರಿಯರಲ್ಲಿ ಆಫ್ರಿಕಾದ ಮೂಲ ಹುಡುಕಿ ಕಿಡ್ನಿ ಕಾಯಿಲೆಯ ಜೀನ್ ಪತ್ತೆ ಮಾಡಿದರು ಎನ್ನುತ್ತೀರಿ. ಯಾವುದು ನಿಜ? ನಮ್ಮಲ್ಲೂ ಜಾತಿವಾರು ಹೀಗೆ ಹುಡುಕಬಹುದಾ?”

ಮೊದಲ ಪ್ರಶ್ನೆಗೆ ಉತ್ತರ: ಎರಡೂ ನಿಜ.

ಆಫ್ರಿಕನ್ ಅಮೆರಿಕನ್ನರ ಡಿಎನ್‌ಎಯಲ್ಲಿ ಸರಾಸರಿ ಸುಮಾರು 80% ಆಫ್ರಿಕಾದಿಂದ, ಅದರಲ್ಲೂ ಹೆಚ್ಚಾಗಿ ಪಶ್ಚಿಮ ಭಾಗದಿಂದ ಬಂದದ್ದು. ಉಳಿದದ್ದು ಬಹುಪಾಲು ಯುರೋಪಿನದು. ಈ ಬೆರಕೆಯ ಹಿಂದೆ ಗುಲಾಮ ಹೆಂಗಸರ ಮೇಲೆ ನಡೆದ ದೌರ್ಜನ್ಯವೂ ಇದೆ. ಅದನ್ನು ಮರೆತು ಈ ವಿಜ್ಞಾನದ ಮಾತಾಡಬಾರದು. ಬೆರಕೆಯಾಗಿ ಜಾಸ್ತಿ ತಲೆಮಾರು ಕಳೆದಿಲ್ಲ. ಪ್ರತಿ ತಲೆಮಾರಿನಲ್ಲೂ ತುಂಡುಗಳು ಒಡೆದು ಚಿಕ್ಕದಾಗುತ್ತಾ ಹೋಗುತ್ತವೆ. ಹಾಗಾಗಿ ಅವರ ಕ್ರೋಮೋಸೋಮುಗಳಲ್ಲಿ (ಡಿಎನ್‌ಎಯ ಉದ್ದನೆಯ ಎಳೆಗಳಲ್ಲಿ) ಆಫ್ರಿಕಾದ ತುಂಡು, ಯುರೋಪಿನ ತುಂಡು ಇನ್ನೂ ಉದ್ದುದ್ದವಾಗಿವೆ. ಡಿಎನ್‌ಎಯಲ್ಲಿ ಕೆಲವು ಸಾವಿರ ಗುರುತು ನೋಡಿದರೆ ಯಾವುದು ಎಲ್ಲಿಂದ ಬಂದದ್ದೆಂದು ಹೇಳಬಹುದು.

ರೋಗಿಗಳಲ್ಲಿ ಹುಡುಕುವುದು ಇಷ್ಟೇ: ಅವರದೇ ಸರಾಸರಿಗಿಂತ ಆಫ್ರಿಕಾದ ಪಾಲು ಎದ್ದು ಕಾಣುವ ಒಂದು ಜಾಗ ಇದೆಯಾ? ಇದ್ದರೆ ಕಾಯಿಲೆಯ ಜೀನ್ ಅಲ್ಲೇ ಆಸುಪಾಸಿನಲ್ಲಿ ಇರುವ ಸಾಧ್ಯತೆ ಹೆಚ್ಚು. ಬಡತನ, ಕೆಟ್ಟ ಚಿಕಿತ್ಸೆ, ತಾರತಮ್ಯ ಇವೆಲ್ಲ ಇಡೀ ಮನುಷ್ಯನನ್ನು ತಟ್ಟುತ್ತವೆ. ಕ್ರೋಮೋಸೋಮಿನ ಒಂದೇ ಜಾಗದಲ್ಲಿ ಪಾಲು ಏರಲು ಅವು ಕಾರಣವಾಗಲಾರವು. ಈ ವಿಧಾನದ ಬಲ ಇರುವುದೇ ಇಲ್ಲಿ.

2008ರಲ್ಲಿ ಎರಡು ತಂಡಗಳು ಹೀಗೆ ಹುಡುಕಿ 22ನೇ ಕ್ರೋಮೋಸೋಮಿನ ಒಂದು ಜಾಗಕ್ಕೆ ಬಂದವು. ಅಲ್ಲಿದ್ದ ಎಂವೈಎಚ್9 ಎಂಬ ಜೀನ್ ಮೇಲೆ ಅನುಮಾನ ಬಿತ್ತು. 2010ರಲ್ಲಿ ನಿಜ ಹೊರಬಂತು: ಕಾರಣ ಅದಲ್ಲ, ಪಕ್ಕದ ಎಪಿಒಎಲ್1. ಈ ಜೀನಿನ ಪ್ರೋಟೀನ್ ರಕ್ತದಲ್ಲಿದ್ದು ಟ್ರಿಪನೋಸೋಮ್ ಎಂಬ ಪರಾವಲಂಬಿಗಳನ್ನು ಕೊಲ್ಲುತ್ತದೆ. ನಿದ್ರಾರೋಗ ತರುವ ಒಂದು ಬಗೆ ಇದರಿಂದ ತಪ್ಪಿಸಿಕೊಳ್ಳಲು ಕಲಿತಿತ್ತು. ಜೀನಿನ ಎರಡು ಬದಲಾದ ರೂಪಗಳು ಅದನ್ನೂ ಕೊಲ್ಲಬಲ್ಲವು. ಅವು ಪಶ್ಚಿಮ ಆಫ್ರಿಕಾದಲ್ಲಿ ಹಬ್ಬಿದ್ದು ಅದಕ್ಕೇ ಇರಬೇಕು. ಅಪ್ಪ, ಅಮ್ಮ ಇಬ್ಬರಿಂದಲೂ ಬದಲಾದ ರೂಪವೇ ಬಂದರೆ ಮಾತ್ರ ಕಿಡ್ನಿಗೆ ಅಪಾಯ ಬಹಳ ಏರುತ್ತದೆ. ಆಫ್ರಿಕನ್ ಅಮೆರಿಕನ್ನರಲ್ಲಿ ಸುಮಾರು 13% ಜನ ಹೀಗಿದ್ದಾರೆ. ಅವರಲ್ಲೂ ಹೆಚ್ಚಿನವರಿಗೆ ಕಾಯಿಲೆ ಬರುವುದೇ ಇಲ್ಲ.

ಇಥಿಯೋಪಿಯಾದವರ ಡಿಎನ್‌ಎ ಪರೀಕ್ಷಿಸಿದಾಗ ಈ ರೂಪಗಳು ಕಾಣಲಿಲ್ಲ. ಅವರೂ ಆಫ್ರಿಕಾದವರೇ ಅಲ್ವಾ? ‘ಕರಿಯರ ಕಾಯಿಲೆ’ ಎನ್ನುವ ಮಾತು ಇಲ್ಲೇ ಮುರಿದು ಬೀಳುತ್ತದೆ. ಪೂರ್ವಜರ ಗುರುತು ಜೀನಿನ ತನಕ ದಾರಿ ತೋರಿಸಿತು. ಜೀನ್ ಸಿಕ್ಕ ಮೇಲೆ ನೋಡಬೇಕಾದದ್ದು ಅದನ್ನೇ, ಜನಾಂಗವನ್ನಲ್ಲ. 2023ರಲ್ಲಿ ಫಲಿತಾಂಶ ಪ್ರಕಟವಾದ ಇನಾಕ್ಸಾಪ್ಲಿನ್ ಎಂಬ ಕಿಡ್ನಿ ಕಾಯಿಲೆಯ ಔಷಧದ ಪ್ರಯೋಗಕ್ಕೆ ರೋಗಿಗಳನ್ನು ಆರಿಸುವಾಗ ನೋಡಿದ್ದು ಕಾಯಿಲೆಯ ಬಗೆ ಮತ್ತು ಎಪಿಒಎಲ್1 ಪರೀಕ್ಷೆಯ ಫಲಿತಾಂಶ.

ಇನ್ನು ಜಾತಿ. ಭಾರತದ ಬಹುಪಾಲು ಜನರಲ್ಲಿ ದೊಡ್ಡ ಬೆರಕೆ ಆದದ್ದು ಸುಮಾರು 1,900ರಿಂದ 4,200 ವರ್ಷಗಳ ಹಿಂದೆ. ಅಷ್ಟು ತಲೆಮಾರುಗಳಲ್ಲಿ ತುಂಡುಗಳು ಚೂರುಚೂರಾಗಿವೆ. ಹಾಗಾಗಿ ಈ ವಿಧಾನ ಇಲ್ಲಿ ಅಷ್ಟಾಗಿ ನಡೆಯದು. ಜಾತಿಯೊಳಗೇ ಮದುವೆಯಾಗುತ್ತಾ ಬಂದದ್ದರಿಂದ ಕೆಲವು ಅಪರೂಪದ ಕಾಯಿಲೆಗಳು ಕೆಲವು ಸಮುದಾಯಗಳಲ್ಲಿ ಜಾಸ್ತಿ ಇವೆ ನಿಜ. ಅವನ್ನು ಹುಡುಕುವ ದಾರಿ ಬೇರೆ.

ಯಲ್ಲಾಪುರ, ಹಳಿಯಾಳದ ಸಿದ್ದಿಗಳ ವಿಷಯ ಹಾಗಲ್ಲ. ಅವರಲ್ಲಿ ಆಫ್ರಿಕಾದ ಮತ್ತು ಭಾರತದ ಮೂಲಗಳು ಬೆರೆತದ್ದು ಇತ್ತೀಚಿನ ಶತಮಾನಗಳಲ್ಲಿ. 2011ರಲ್ಲಿ ಹೈದರಾಬಾದಿನ ಸಿಸಿಎಂಬಿ (ಜೀವಕೋಶ ಮತ್ತು ಅಣುಜೀವವಿಜ್ಞಾನ ಸಂಶೋಧನಾ ಕೇಂದ್ರ) ವಿಜ್ಞಾನಿಗಳು ಅದನ್ನು ತೋರಿಸಿದ್ದಾರೆ. ವಿಧಾನ ಅಲ್ಲಿ ಹೊಂದುತ್ತದೆ, ಆದರೆ ಜನಸಂಖ್ಯೆ ಚಿಕ್ಕದು. ಮುಂದೆ ಯಾರಾದರೂ ರಕ್ತದ ಮಾದರಿ ಕೇಳಿ ಹೋದರೆ, ಸಿಕ್ಕ ಫಲಿತಾಂಶವನ್ನು ಸಿದ್ದಿಗಳಿಗೇ ಕನ್ನಡದಲ್ಲೋ ಕೊಂಕಣಿಯಲ್ಲೋ ತಿಳಿಸಬೇಕು. ಹತ್ತಿರದ ತಾಲ್ಲೂಕು ಆಸ್ಪತ್ರೆಯಲ್ಲಿ ಕಿಡ್ನಿ ತಪಾಸಣೆಗೂ ವ್ಯವಸ್ಥೆ ಮಾಡಬೇಕು.