ಎಸ್ಟ್ರಿಷ್ ಸುರಿಯುವ ಹಿಂದಿನ ದಿನ

ಉಡುಪಿಯಿಂದ ಜರ್ಮನಿಗೆ ಬಂದು ಹಳೆಯ ಮನೆ ಕೊಂಡಿದ್ದೀರಿ. ಮುಂದಿನ ವಾರ ನೆಲದಲ್ಲಿ ಬಿಸಿನೀರಿನ ಪೈಪು ಹಾಸಿ ಮೇಲೆ ಎಸ್ಟ್ರಿಷ್, ಅಂದರೆ ನೆಲದ ಗಾರೆ, ಸುರಿಯುತ್ತಾರೆ. "ಒಳಗೇ ಹುಗಿದ ಪೈಪು ಮುಂದೆ ಸೋರಿದರೆ ಏನು ಗತಿ? ನಾವು ಏನೇನು ನೋಡಿಕೊಳ್ಳಬೇಕು?" ಎಂದು ಕೇಳಿದ್ದೀರಿ. ಹೆದರಿಕೆ ಸಹಜ. ಸುರಿದ ಮೇಲೆ ಏನೂ ಕಾಣುವುದಿಲ್ಲ, ಹಾಗಾಗಿ ಹಿಂದಿನ ದಿನ ರಜೆ ಹಾಕಿಯಾದರೂ ಮನೆಯಲ್ಲಿರಿ.

ಮೊದಲು ಗೋಡೆಯ ಬುಡ ನೋಡಿ. ಸುತ್ತಲೂ 8ರಿಂದ 10 ಮಿ.ಮೀ. ದಪ್ಪದ ಫೋಮ್ ಪಟ್ಟಿ ಎಲ್ಲೂ ತುಂಡಾಗದೆ ನಿಂತಿರಬೇಕು. ಬಿಸಿಯಾದಾಗ ನೆಲ ಹಿಗ್ಗುತ್ತದೆ, ಅದಕ್ಕೆ ಜಾಗ ಬೇಕು. ಕೆಳಗಿನ ಥರ್ಮಾಕೋಲ್ ಹಲಗೆಗಳ ಸಂದಿಗೆಲ್ಲ ಟೇಪ್ ಬಿದ್ದಿರಬೇಕು. ಸಂದಿಯಲ್ಲಿ ಗಾರೆ ಇಳಿದು ಸ್ಲ್ಯಾಬಿಗೆ ಅಂಟಿದರೆ ಬಿಸಿಯೂ ಹೆಜ್ಜೆ ಸದ್ದೂ ಕೆಳಗಿನ ಮನೆಗೆ ಹೋಗುತ್ತದೆ.

ಪೈಪು ಸಾಮಾನ್ಯವಾಗಿ 16 ಅಥವಾ 17 ಮಿ.ಮೀ. ಪ್ಲಾಸ್ಟಿಕ್. ಅದರಲ್ಲಿ ಆಮ್ಲಜನಕ ತಡೆಯುವ ಪದರ ಇರಲೇಬೇಕು, ಇಲ್ಲದಿದ್ದರೆ ಆಮ್ಲಜನಕ ಒಳಸೇರಿ ಕಬ್ಬಿಣದ ಭಾಗಗಳು ತುಕ್ಕು ಹಿಡಿದು ನೀರು ಕೆಸರಾಗುತ್ತದೆ. ಬಿಸಿನೀರು ಹೋಗಿ ಮರಳಿ ಬರುವ ಒಂದೊಂದು ಸುತ್ತೂ ಒಂದೇ ಅಖಂಡ ಪೈಪಾಗಿರಬೇಕು. ನೆಲದೊಳಗೆ ಜಾಯಿಂಟ್ ಕಂಡರೆ ಕೆಲಸ ನಿಲ್ಲಿಸಿ ಕೇಳಿ.

ಲೆಕ್ಕ ನೀವೇ ಹಾಕಬಹುದು. 15 ಸೆಂ.ಮೀ. ಅಂತರದಲ್ಲಿ ಹಾಸಿದರೆ ಒಂದು ಚದರ ಮೀಟರಿಗೆ ಸುಮಾರು 6.7 ಮೀಟರ್ ಪೈಪು, 10 ಸೆಂ.ಮೀ. ಆದರೆ 10 ಮೀಟರ್. 16 ಮಿ.ಮೀ. ಪೈಪಿನ ಒಂದು ಸುತ್ತು ಸುಮಾರು 100 ಮೀಟರ್ ದಾಟಬಾರದು. ಉದ್ದವಾದಷ್ಟೂ ಪಂಪಿಗೆ ಭಾರ, ಕೊನೆ ತಲುಪುವಾಗ ನೀರು ತಣ್ಣಗಾಗಿರುತ್ತದೆ. 20 ಚದರ ಮೀಟರಿನ ಹಾಲ್‌ಗೆ 133 ಮೀಟರ್, ಜೊತೆಗೆ ಎಲ್ಲ ಸುತ್ತುಗಳಿಗೂ ನೀರು ಹಂಚುವ ಮ್ಯಾನಿಫೋಲ್ಡ್‌ವರೆಗೆ ಹೋಗಿಬರುವ ಉದ್ದ. ಆದ್ದರಿಂದ ಎರಡು ಸುತ್ತು ಬೇಕೇಬೇಕು, ಎರಡೂ ಹೆಚ್ಚುಕಡಿಮೆ ಸಮ ಉದ್ದದಲ್ಲಿದ್ದರೆ ಹೊಂದಿಸುವುದು ಸುಲಭ. ದೊಡ್ಡ ಕಿಟಕಿಯ ಬುಡದಲ್ಲೂ ಬಚ್ಚಲಲ್ಲೂ 10 ಸೆಂ.ಮೀ. ಕೇಳಿ. ಪೈಪು ಚಕ್ಕುಲಿ ಸುತ್ತಿದ ಹಾಗೆ ಒಳಹೋಗಿ, ನಡುವೆ ತಿರುಗಿ, ಹೋದ ಪೈಪಿನ ಪಕ್ಕದಲ್ಲೇ ಹೊರಬಂದರೆ ಒಳ್ಳೆಯದು. ಬಿಸಿ ನೀರು, ತಣಿದ ನೀರು ಅಕ್ಕಪಕ್ಕ ಇರುವುದರಿಂದ ಕೋಣೆಯೆಲ್ಲ ಒಂದೇ ಹದವಾಗಿ ಬೆಚ್ಚಗಾಗುತ್ತದೆ. ತಿರುವಿನ ತ್ರಿಜ್ಯ ಪೈಪಿನ ದಪ್ಪದ 5 ಪಟ್ಟಿಗಿಂತ, ಅಂದರೆ 8 ಸೆಂ.ಮೀ.ಗಿಂತ, ಕಡಿಮೆಯಾದರೆ ಪೈಪು ಮಡಚಿಕೊಳ್ಳುತ್ತದೆ. ಅರ್ಧ ಮೀಟರಿಗೊಂದು, ತಿರುವಿನಲ್ಲಿ ಇನ್ನೂ ಹತ್ತಿರ ಕ್ಲಿಪ್ ಇರಲಿ. ಸಡಿಲವಿದ್ದರೆ ನೀರಾಗಿ ಹರಿಯುವ ಎಸ್ಟ್ರಿಷ್‌ನಲ್ಲಿ ಪೈಪು ತೇಲಿ ಮೇಲೆ ಬರುತ್ತದೆ, ಅಲ್ಲೇ ನೆಲ ಬಿರುಕು ಬಿಡುವುದು. ಸಿಮೆಂಟ್ ಎಸ್ಟ್ರಿಷ್ ಪೈಪಿನ ಮೇಲೆ ಸಾಮಾನ್ಯವಾಗಿ 45 ಮಿ.ಮೀ. ನಿಲ್ಲಬೇಕು. ಬಾಗಿಲ ಬಳಿ ಬಿಡುವ ಸಂದನ್ನು ದಾಟುವ ಪೈಪಿಗೆ ಸುಮಾರು 30 ಸೆಂ.ಮೀ. ಉದ್ದದ ಹೊರಕವಚ ಬೇಕು.

ಸೋರುವ ವಿಷಯಕ್ಕೆ ಉತ್ತರ ಒತ್ತಡದ ಪರೀಕ್ಷೆ. ನೀರು ತುಂಬಿಸಿ, ಗಾಳಿ ಪೂರ್ತಿ ತೆಗೆದು, 4ರಿಂದ 6 ಬಾರ್ ಒತ್ತಡದಲ್ಲಿಟ್ಟು ಮೀಟರ್ ನೋಡುತ್ತಾರೆ. ಲಿಖಿತ ವರದಿ ಕೇಳಿ ಪಡೆಯಿರಿ. ಸುರಿಯುವಾಗಲೂ ಒತ್ತಡ ಇಳಿಸಬಾರದು ಮಾರಾಯ್ರೆ; ಸಲಿಕೆಯ ತುದಿ ತಗುಲಿದರೆ ಮೀಟರ್ ಮುಳ್ಳು ಆಗಲೇ ಬೀಳುತ್ತದೆ, ಆಗಲೇ ಸರಿಮಾಡಬಹುದು. ಹೀಟಿಂಗ್ ಇಲ್ಲದೆ ಚಳಿಗಾಲಕ್ಕೆ ಬಿದ್ದರೆ ನೀರು ಹೆಪ್ಪುಗಟ್ಟಿ ಪೈಪು ಒಡೆಯಬಹುದು, ಅದಕ್ಕೇನು ಮಾಡುತ್ತಾರೆಂದು ಮೊದಲೇ ಕೇಳಿಟ್ಟುಕೊಳ್ಳಿ.

ಊರಲ್ಲಿ ಸ್ಲ್ಯಾಬಿಗೆ ಕಟ್ಟೆ ಕಟ್ಟಿ ನೀರು ನಿಲ್ಲಿಸಿ ಕ್ಯೂರಿಂಗ್ ಮಾಡುತ್ತೇವೆ. ಇಲ್ಲಿ ಅದು ಬೇಡ, ಕೆಳಗೆ ಥರ್ಮಾಕೋಲ್ ಉಂಟು. ಮೊದಲ ಕೆಲವು ದಿನ ಗಾಳಿ ನೇರ ಬೀಸದಂತೆ ಕಿಟಕಿ ಮುಚ್ಚಿದರೆ ಸಾಕು. ಸಿಮೆಂಟಿನದಾದರೆ 21 ದಿನ, ಜಿಪ್ಸಮ್ ಜಾತಿಯ ಅನ್‌ಹೈಡ್ರೈಟ್ ಆದರೆ 7 ದಿನ ಕಳೆಯದೆ ಹೀಟಿಂಗ್ ಹಚ್ಚಬೇಡಿ. ಆಮೇಲೆ 25 ಡಿಗ್ರಿ ನೀರಿನಲ್ಲಿ 3 ದಿನ, ನಿಮ್ಮ ಹೀಟಿಂಗಿಗೆ ಲೆಕ್ಕ ಹಾಕಿದ ಗರಿಷ್ಠ ಶಾಖದಲ್ಲಿ 4 ದಿನ. ಇಷ್ಟಾದರೂ ನೆಲ ಒಣಗಿದೆ ಎಂದಲ್ಲ. ಮರ, ಟೈಲ್ಸ್ ಹಾಕುವ ಮೊದಲು ಕೊರೆದು ತೇವಾಂಶ ಅಳೆಯುತ್ತಾರೆ. ಕೊರೆಯುವ ಜಾಗದಲ್ಲಿ ಪೈಪು ಬಾರದಂತೆ ಈಗಲೇ ಗುರುತು ಹಾಕಿಸಿ, ಪ್ರತಿ ಕೋಣೆಯಲ್ಲೂ ಗೋಡೆಯಿಂದ ಅಳತೆ ಟೇಪ್ ಹಿಡಿದು ಫೋಟೋ ತೆಗೆದಿಡಿ.