ಬ್ಲಾಕ್ ಗೋಡೆಯೊಳಗೆ ಫೋಮ್ ತುಂಬಿಸಬಹುದೇ?

ಪ್ರಶ್ನೆ: ತೀರ್ಥಹಳ್ಳಿ ಹತ್ತಿರ ನಮ್ಮದು 8 ಇಂಚಿನ ಹಾಲೋ ಬ್ಲಾಕ್ ಮನೆ. ಏಪ್ರಿಲ್‌ನಲ್ಲಿ ಪಶ್ಚಿಮದ ಗೋಡೆ ರಾತ್ರಿ ಹತ್ತಾದರೂ ಬಿಸಿ. ಮಳೆಗಾಲದಲ್ಲಿ ಅದೇ ಗೋಡೆ ಒಳಗೆಲ್ಲ ಥಂಡಿ ಹಿಡಿದು ಬೂಷ್ಟು ಬರುತ್ತದೆ. ತೂತು ಕೊರೆದು ಫೋಮ್ ತುಂಬಿಸಿದರೆ ಎರಡೂ ಸರಿಹೋಗುತ್ತದೆ ಅನ್ನುತ್ತಾರೆ. ಮಾಡಿಸಬಹುದೇ?

ಉತ್ತರ: ಬಿಸಿ ಸ್ವಲ್ಪ ಕಡಿಮೆಯಾದೀತು. ಥಂಡಿ ಮಾತ್ರ ಫೋಮಿನಿಂದ ಹೋಗುವುದಿಲ್ಲ, ಹೆಚ್ಚಲೂಬಹುದು. ನಿಮ್ಮ ಕಡೆ ಗಾಳಿಮಳೆ ಬಂದು ಬಡಿಯುವುದೇ ಪಶ್ಚಿಮ, ನೈಋತ್ಯದಿಂದ. ಪ್ಲಾಸ್ಟರಿನ ಕೂದಲೆಳೆ ಬಿರುಕಲ್ಲಿ ಹೊಕ್ಕ ನೀರು ಬ್ಲಾಕಿನ ಟೊಳ್ಳಿನಲ್ಲಿ ಕೆಳಗಿಳಿಯುತ್ತಿರುತ್ತದೆ. ಅಲ್ಲಿ ಫೋಮ್ ತುಂಬಿದರೆ ಆ ದಾರಿ ಕಟ್ಟಿಹೋಗಿ, ಸಂದಿನಲ್ಲಿ ನಿಂತ ನೀರು ಒಣಗುವುದೇ ಕಷ್ಟ.

ಮೊದಲು ತೇವ ಎಲ್ಲಿಂದ ಬರುತ್ತಿದೆ ನೋಡಿ. 2 ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಒಳಗೋಡೆಗೆ ನಾಲ್ಕೂ ಅಂಚಿಗೆ ಟೇಪ್ ಹಾಕಿ ಅಂಟಿಸಿ, ಒಂದು ದಿನ ಬಿಡಿ. ಹಾಳೆಯ ಹಿಂಬದಿಯಲ್ಲಿ ಹನಿ ಕಟ್ಟಿದ್ದರೆ ನೀರು ಗೋಡೆಯದ್ದು. ಮುಂಬದಿಯಲ್ಲಿ ಕಟ್ಟಿದ್ದರೆ ಅಡುಗೆಮನೆಯ ಆವಿ, ಒಳಗೆ ಒಣಹಾಕಿದ ಬಟ್ಟೆ ಇಂಥದ್ದು. ಗೋಡೆಯದ್ದಾದರೆ ಬಿರುಕು ಅಗಲಿಸಿ ಪಾಲಿಮರ್ ಬೆರೆಸಿದ ಸಿಮೆಂಟ್ ಗಾರೆ ತುಂಬಿಸಿ, ಸೂರನ್ನು 3 ಅಡಿಯಾದರೂ ಚಾಚಿಸಿ. ಮಲೆನಾಡಿನಲ್ಲಿ ಮಳೆಗಾಲಕ್ಕೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದದ್ದು ಎರಚಲು ತಡೆಯುವುದಕ್ಕೇ. ಈಗ ಗೋಡೆಯಿಂದ 2 ಇಂಚು ಬಿಟ್ಟು, ಮೇಲೂ ಕೆಳಗೂ ಗಾಳಿಯಾಡುವಂತೆ ತಗಡಿನ ಶೀಟು ಹೊಡೆಸಿದರೆ ಎರಚಲೂ ನಿಲ್ಲುತ್ತದೆ, ಬಿಸಿಲೂ ಗೋಡೆಗೆ ತಾಗುವುದಿಲ್ಲ. ನಿಮ್ಮ ಮನೆಗೆ ಫೋಮಿಗಿಂತ ಇದೇ ಮೇಲು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಇಷ್ಟಾಗಿ ಒಂದು ಮಳೆಗಾಲ ಗೋಡೆ ಒಣಗಿಯೇ ಉಳಿದು, ಆಮೇಲೂ ಫೋಮ್ ಬೇಕೆನಿಸಿದರೆ ಜನವರಿಯಿಂದ ಮಾರ್ಚ್ ಒಳಗೆ ಮಾಡಿಸಿ. ಒಳಗಡೆಯಿಂದ 12 ಮಿ.ಮೀ. ತೂತು ಕೊರೆದು ತಂತಿಯನ್ನು ಕೆಳಮುಖವಾಗಿ ಬಿಟ್ಟು ನೋಡಿ. 8 ಇಂಚು ದಾಟಿ ಇಳಿದರೆ ಟೊಳ್ಳುಗಳು ಒಂದರ ಕೆಳಗೊಂದು ಸೇರಿವೆ. ಅಲ್ಲೇ ತಡೆದರೆ ಒಂದು ಬದಿ ಮುಚ್ಚಿದ ಬ್ಲಾಕು, ಇಲ್ಲವೇ ಗಾರೆ ಬಿದ್ದು ಕಟ್ಟಿದೆ. ಈ ವ್ಯತ್ಯಾಸ ಸಣ್ಣದಲ್ಲ: 4 ಮೀ. ಉದ್ದ, 3 ಮೀ. ಎತ್ತರದ ಗೋಡೆಗೆ ಎರಡು ಟೊಳ್ಳಿನ, 16 ಇಂಚು ಉದ್ದದ ಬ್ಲಾಕಾದರೆ ಅಡ್ಡಕ್ಕೆ 20 ಟೊಳ್ಳು. ಸೇರಿದ್ದರೆ ಮೇಲಿಂದ ಕೆಳಗಿನ ಪ್ರತಿ ಸಾಲಿಗೆ ಮೂರು ಎತ್ತರದಲ್ಲಿ 60 ತೂತು ಸಾಕು, ಮುಚ್ಚಿದ್ದರೆ ಪ್ರತಿ ಬ್ಲಾಕಿನ ಪ್ರತಿ ಟೊಳ್ಳಿಗೂ ಒಂದರಂತೆ 300 ಬೇಕು. 60 ತೂತಿನ ಲೆಕ್ಕದಲ್ಲಿ ಒಪ್ಪಿಕೊಂಡವರು ಮುಚ್ಚಿದ ಬ್ಲಾಕಿನಲ್ಲಿ ಮುಕ್ಕಾಲುಪಾಲು ಗೋಡೆ ಖಾಲಿ ಬಿಟ್ಟಿರುತ್ತಾರೆ. ಹೊರಗಡೆಯಿಂದ ಕೊರೆಯಲು ಬಿಡಬೇಡಿ, ಮಳೆಗೆ ಹೊಸ ದಾರಿಯಾಗುತ್ತದೆ.

ಅಂಥ ಗೋಡೆಯ ಟೊಳ್ಳು ಒಟ್ಟು 0.6ರಿಂದ 1.2 ಘನ ಮೀಟರ್. ಘನ ಮೀಟರಿಗೆ 30 ಕೆ.ಜಿ. ತೂಗುವ ಪಾಲಿಯುರಿಥೇನ್ ಫೋಮಾದರೆ (ಎರಡು ದ್ರವ ಬೆರೆಸಿದಾಗ ಉಬ್ಬಿ ಗಟ್ಟಿಯಾಗುವಂಥದ್ದು) 18ರಿಂದ 36 ಕೆ.ಜಿ. ರಾಸಾಯನಿಕ ಹೋಗಬೇಕು. ಕೆಲಸಕ್ಕೆ ಮೊದಲೂ ಆಮೇಲೂ ಡಬ್ಬ ತೂಗಿಸಿ ನೋಡಿ. ಕೆಳಗಿನ ತೂತಿನಿಂದ ಶುರುಮಾಡಿ ಸ್ವಲ್ಪ ಸ್ವಲ್ಪವೇ ಬಿಟ್ಟು, ಉಬ್ಬುವುದು ನಿಂತ ಮೇಲೆ ಮುಂದಿನದು. ಒಂದೇ ಸಲ ಸುರಿದರೆ ಒತ್ತಡಕ್ಕೆ ಪ್ಲಾಸ್ಟರ್ ಬಿರುಕು ಬಿಡುತ್ತದೆ. ಅಂಗಡಿಯ ಸ್ಪ್ರೇ ಕ್ಯಾನ್ ಬೇಡ. ಅದು ಗಾಳಿಯ ತೇವದಿಂದ ಗಟ್ಟಿಯಾಗುವಂಥದ್ದು, ಮುಚ್ಚಿದ ಟೊಳ್ಳಿನ ನಡುವೆ ಅಂಟಂಟಾಗಿಯೇ ಉಳಿಯುತ್ತದೆ. ಸ್ವಿಚ್ ಬೋರ್ಡಿನ ಪೆಟ್ಟಿಗೆ, ಪೈಪಿನ ಬಾಯಿ ಮೊದಲೇ ಟೇಪಿನಿಂದ ಮುಚ್ಚಿಸಿ. ನೆಲದ ಮೇಲಿನ ಮೊದಲ ವರಸೆ ಖಾಲಿ ಇರಲಿ, ಏಕೆಂದರೆ ಗೆದ್ದಲು ಫೋಮಿನೊಳಗೆ ಸುರಂಗ ಮಾಡಿದರೆ ಹೊರಗೆ ಕಾಣುವುದೇ ಇಲ್ಲ. ಫೋಮ್ ಹಾಕುವಾಗ ಏಳುವ ಹೊಗೆ ಕಣ್ಣು, ಶ್ವಾಸಕ್ಕೆ ಕೆಟ್ಟದ್ದು. ಕಿಟಕಿ ತೆರೆದಿಟ್ಟು ಮನೆಯವರು ಒಂದು ದಿನ ಬೇರೆಡೆ ಇರಿ.

ಟೊಳ್ಳಿನ ಅಕ್ಕಪಕ್ಕದ ಕಾಂಕ್ರೀಟು ಫೋಮಿಗಿಂತ ಹತ್ತಾರು ಪಟ್ಟು ಹೆಚ್ಚು ಶಾಖ ಸಾಗಿಸುವುದರಿಂದ ಲಾಭ ಸೀಮಿತ.

ಪ್ರಶ್ನೆ: ಸಾಗರದಲ್ಲಿ ನಮ್ಮದು ಜಂಬಿಟ್ಟಿಗೆ ಮನೆ. ನಮಗೂ ಇದು ಆಗುತ್ತದೆಯೇ?

ಉತ್ತರ: ಆಗುವುದಿಲ್ಲ. ಜಂಬಿಟ್ಟಿಗೆ ಗೋಡೆಯಲ್ಲಿ ಫೋಮ್ ಕೂರುವ ಟೊಳ್ಳೇ ಇಲ್ಲ. ಸೆಕೆ ಹೆಂಚಿನ ಮಾಡಿನಿಂದ ಇಳಿಯುತ್ತಿದ್ದರೆ ಅಟ್ಟದ ಹಲಗೆಯ ಮೇಲೆ 50 ಮಿ.ಮೀ. ದಪ್ಪದ ರಾಕ್‌ವೂಲ್ (ಕಲ್ಲು ಕರಗಿಸಿ ಮಾಡಿದ ನಾರಿನ ಹಾಸು) ಹಾಸಿಸಿ. ಹೆಂಚು ಸೋರುವುದನ್ನು ಅದಕ್ಕೂ ಮೊದಲು ಸರಿಮಾಡಿಸಿ. ನೆನೆದ ರಾಕ್‌ವೂಲ್ ಶಾಖ ತಡೆಯುವುದಿಲ್ಲ.